ದೊಡ್ಡಮ್ಮ ಬಿಯರ್ ಕಾಯಿಸಿದ ಭಾನುವಾರ

ನನ್ನ ದೊಡ್ಡಮ್ಮನ ಎದುರು ಮಾತಾಡುವುದಿದ್ದರೆ ಸ್ವಲ್ಪ ಜಾಗ್ರತೆ ಬೇಕು. ಅವರು ಸಿಟ್ಟಿನವರೆಂದಲ್ಲ. ನೀವು ಹೇಳಿದ್ದನ್ನು ನಂಬಿಬಿಡುತ್ತಾರೆ, ಅದೇ ತೊಂದರೆ! ನಾವೆಲ್ಲ ದಿನಾ ಆಡುವ ಮಾತಿನಲ್ಲಿ ಅರ್ಧಕ್ಕರ್ಧ ಸುಮ್ಮನೆ ಬಾಯಿಗೆ ಬಂದದ್ದು ಎಂಬ ಸಂಗತಿ ಮುಂಬೈ ಪಕ್ಕದ ನಮ್ಮ ಇಡೀ ಡೊಂಬಿವಲಿಗೆ ಗೊತ್ತಿದೆ, ಅವರೊಬ್ಬರಿಗೆ ಬಿಟ್ಟು. ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕ ಹಳೆಯ ಪರಿಚಯದವರು ರೈಲು ಹತ್ತುವ ಗಡಿಬಿಡಿಯಲ್ಲಿ "ಒಮ್ಮೆ ಮನೆಗೆ ಬನ್ನಿ" ಎಂದು ಕೂಗಿದರೆ, ಮುಂದಿನ ಭಾನುವಾರ ದೊಡ್ಡಮ್ಮ ಅವರ ಮನೆಯ ಬೆಲ್ ಒತ್ತುತ್ತಿರುತ್ತಾರೆ. ಮದುವೆ ಕಾಗದದಲ್ಲಿ "ತಮ್ಮ ಆಗಮನವೇ ಉಡುಗೊರೆ" ಎಂದು ಅಚ್ಚಾಗಿದ್ದರೆ ಬರಿಗೈಯಲ್ಲಿ ಹೋಗುತ್ತಾರೆ. ಹೋಗುವುದಿರಲಿ, ಲಕೋಟೆ ಹಿಡಿದು ಸಾಲಿನಲ್ಲಿ ನಿಂತವರನ್ನು "ಕಾಗದ ಓದ್ಲಿಲ್ವಾ ನೀವು?" ಎಂದು ತಡೆದು ನಿಲ್ಲಿಸುತ್ತಾರೆ!

ಒಮ್ಮೆ ಮಂಡಿನೋವೆಂದು ಡಾಕ್ಟರರ ಹತ್ತಿರ ಹೋದರು. ಡಾಕ್ಟರರು ಮಂಡಿ ಒತ್ತಿ ನೋಡಿ, "ಒಂದು ವಾರ ಮೆಟ್ಟಿಲು ಹತ್ತಬೇಡಿ" ಎಂದರು. ದವಾಖಾನೆ ಕೆಳಗೆ ರಸ್ತೆ ಬದಿಯಲ್ಲಿ. ದೊಡ್ಡಮ್ಮನ ಮನೆ ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ. ನೀವಾದರೆ ಏನು ಮಾಡುತ್ತಿದ್ದಿರಿ? ಗೋಡೆ ಹಿಡಿದುಕೊಂಡು ಹೇಗೋ ಮನೆ ಸೇರಿ, ಆಮೇಲೆ ವಾರವಿಡೀ ಕೆಳಗಿಳಿಯುತ್ತಿರಲಿಲ್ಲ. ದೊಡ್ಡಮ್ಮ ಹತ್ತಲೇ ಇಲ್ಲ. ಅದೇ ಕಟ್ಟಡದ ಕೆಳಗಿನ ಮನೆಯ, ನಾವೆಲ್ಲ ಕಾಕೂ ಎಂದು ಕರೆಯುವ ಮರಾಠಿ ಹೆಂಗಸಿನ ಹಜಾರದಲ್ಲಿ ಚಾಪೆ ಹಾಸಿ ಒಂದು ವಾರ ಮಲಗಿದರು. ದೊಡ್ಡಪ್ಪ ಹೊತ್ತು ಹೊತ್ತಿಗೆ ಮೇಲಿನಿಂದ ಸೀರೆ, ಮಾತ್ರೆ, ಕಷಾಯ ಹೊತ್ತು ಇಳಿದರು, ಹತ್ತಿದರು, ಮತ್ತೆ ಇಳಿದರು. ವಾರ ಮುಗಿಯುವಾಗ ದೊಡ್ಡಮ್ಮನ ಮಂಡಿ ವಾಸಿಯಾಗಿತ್ತು. ದೊಡ್ಡಪ್ಪ ಅದೇ ಡಾಕ್ಟರರ ಬಳಿ ತಮ್ಮ ಮಂಡಿ ತೋರಿಸಲು ಹೋದರು.

ದೊಡ್ಡಮ್ಮನ ಇನ್ನೊಂದು ಹಟ, ಮನೆಗೆ ಹೊರಗಿನ ತಿಂಡಿ ಬರಕೂಡದು ಎಂಬುದು. ದೊಡ್ಡಪ್ಪ ಉಡುಪಿ ಕಡೆಯಿಂದ ಬಂದು ಜನ್ಮವಿಡೀ ಹೋಟೆಲಿನಲ್ಲಿ ಮ್ಯಾನೇಜರಾಗಿ ಊರಿಗೆಲ್ಲ ಉಣಬಡಿಸಿದವರು. ಅಂಥವರ ಮನೆಗೆ ಹೊರಗಿನ ತಿಂಡಿಯೇ? ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಬಿಡಿ, ಬಿಸ್ಕತ್ತನ್ನೂ ಅವರು ಮನೆಯಲ್ಲೇ ಸುಡುತ್ತಿದ್ದರು. ಕಾಕೂ ಒಮ್ಮೆ ಪ್ರೀತಿಯಿಂದ ಅಂಗಡಿಯ ಪೇಡೆ ಕೊಟ್ಟರು. ದೊಡ್ಡಮ್ಮ ಒಂದನ್ನು ಮುರಿದು, ಮೂಸಿ, ಬೆರಳಲ್ಲಿ ಉಜ್ಜಿ ನೋಡಿ, ಮರುದಿನ ಅದಕ್ಕಿಂತ ಒಳ್ಳೆಯ ಪೇಡೆ ಮಾಡಿ ಅದೇ ಪೆಟ್ಟಿಗೆಯಲ್ಲಿ ತುಂಬಿಸಿ ಕಾಕೂಗೆ ಹಿಂದಿರುಗಿಸಿದರು. ಕಾಕೂ ಅದನ್ನು ಅವಮಾನ ಎಂದುಕೊಳ್ಳಬೇಕಿತ್ತು. ಆದರೆ ಪೇಡೆ ಅಷ್ಟು ರುಚಿಯಾಗಿತ್ತು, ಏನು ಮಾಡುತ್ತಾರೆ ಪಾಪ!

ಇನ್ನು ನನ್ನ ವಿಷಯ. ನಮ್ಮ ಕುಟುಂಬದಲ್ಲಿ ಡಿಗ್ರಿ ಎಂಬುದನ್ನು ಕಂಡ ಮೊದಲಿಗ ನಾನು. ಸಂಜೆ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು, ಬೆಳಿಗ್ಗೆ ಲೋಕಲ್ಲಿನಲ್ಲಿ ನೇತಾಡಿಕೊಂಡು ಕಾಲೇಜಿಗೆ ಹೋಗಿ, ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಯಾರೂ ಕೇಳದಿದ್ದರೂ ಹೇಳುತ್ತೇನೆ. ಆ ವರ್ಷಗಳಲ್ಲಿ ನನಗೆ ಅನ್ನ ಹಾಕಿದವರು ದೊಡ್ಡಮ್ಮ. ಹಾಗಾಗಿ ಡಿಗ್ರಿಯಲ್ಲಿ ತಮ್ಮದೂ ಪಾಲಿದೆ ಎಂದು ಅದರ ನಕಲನ್ನು ಕಟ್ಟು ಹಾಕಿಸಿ ತಮ್ಮ ಮನೆಯ ಗೋಡೆಯಲ್ಲಿ, ದೇವರ ಪಟದ ಪಕ್ಕದಲ್ಲೇ ತೂಗುಹಾಕಿದ್ದಾರೆ. ನನಗೆ ಇಲ್ಲಿಯ ಎಂ.ಐ.ಡಿ.ಸಿ. ಕೈಗಾರಿಕಾ ಪ್ರದೇಶದ ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕ ಮೇಲಂತೂ ಭೂಮಿಯ ಮೇಲಿನ ಸಕಲ ದ್ರವಗಳಿಗೂ ನಾನೇ ಜವಾಬ್ದಾರ. ಹಾಲು ಒಡೆದರೆ ನನಗೆ ಫೋನು, ಸಾರಿಗೆ ಉಪ್ಪು ಹೆಚ್ಚಾದರೂ ನನಗೇ ಫೋನು!

ಇಷ್ಟು ನಗು ಸಾಕು. ಆ ಮನೆಯಲ್ಲಿ ಒಂದು ದೊಡ್ಡ ನೋವೂ ಇತ್ತು.

ದೊಡ್ಡಮ್ಮನಿಗೆ ಒಬ್ಬಳೇ ಮಗಳು, ಶೈಲಾ. ನನಗೆ ತಂಗಿ. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು, ಬಾಯಲ್ಲಿ ಕನ್ನಡಕ್ಕಿಂತ ಹಿಂದಿಯೇ ಮೊದಲು ಬರುವವಳು. ನವಿ ಮುಂಬೈಯ ವಾಶಿಯಲ್ಲಿ ಆಫೀಸು ಕೆಲಸಕ್ಕಿದ್ದಾಗ ಅಲ್ಲಿಯೇ ಇದ್ದ ಪ್ರಶಾಂತ ಎಂಬ ಕೋಪರಖೈರಣೆಯ ಹುಡುಗನನ್ನು ಮೆಚ್ಚಿದಳು. ಹುಡುಗ ಮರಾಠಿಯವನು ಎಂಬುದನ್ನು ದೊಡ್ಡಮ್ಮ ಹೇಗೋ ನುಂಗಿಕೊಂಡರು. ಆಮೇಲೆ ಕೇಳಿದರು: "ಅಭ್ಯಾಸ ಗಿಭ್ಯಾಸ ಎಂತಾದ್ರೂ ಉಂಟಾ?"

ಬೇರೆ ಹುಡುಗಿಯಾಗಿದ್ದರೆ "ಇಲ್ಲಪ್ಪ" ಎಂದು ಬಿಡುತ್ತಿದ್ದಳು. ಇವಳು ಯಾರ ಮಗಳು? ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಸಂಡೇ ದಿವಸ ಒಂದು ಬಿಯರ್ ಕುಡೀತಾನೆ. ಅಷ್ಟೇ."

"ಬಿಯರ್ ಕುಡಿಯುವವನಿಗೆ ಈ ಮನೆಯಲ್ಲಿ ನೀರೂ ಇಲ್ಲ" ಎಂದರು ದೊಡ್ಡಮ್ಮ.

ಶೈಲಾ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಳು. "ಹಾಗಾದ್ರೆ ಕೇಳು ಅಮ್ಮ. ನೀನೇ ನಿನ್ನ ಕೈಯಾರೆ ಅವನಿಗೆ ಬಿಯರ್ ಕೊಡ್ತೀಯಲ್ಲ, ಆ ದಿವಸ ಈ ಮನೆಗೆ ಬರ್ತೇನೆ. ಅಲ್ಲಿ ತನಕ ಇಲ್ಲ."

ಠಾಣೆ ಊರಿನ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಯಿತು. ಸಾಕ್ಷಿ ಹಾಕಲು ನಾನು ಮತ್ತು ದೊಡ್ಡಪ್ಪ ಹೋದೆವು. ದೊಡ್ಡಮ್ಮ ಬರಲಿಲ್ಲ. ಹೊಸ ಅಳಿಯನನ್ನು ಕರೆದು ಎಣ್ಣೆ ಹಚ್ಚಿಸಿ ಉಪಚಾರ ಮಾಡಬೇಕಾದ ಮೊದಲ ದೀಪಾವಳಿ ಬಂತು. ಮನೆಯಲ್ಲಿ ದೀಪ ಹಚ್ಚಿದರು, ಅಷ್ಟೇ. ಕೋಪರಖೈರಣೆ ಏನು ದೂರವೇ? ಠಾಣೆ ಸ್ಟೇಷನ್ನಿನಲ್ಲಿ ಒಂದು ಗಾಡಿ ಬದಲಿಸಿದರೆ ಬಂತು. ಆದರೂ ತಾಯಿ ಮಗಳ ನಡುವೆ ಒಂದು ಮಾತಿಲ್ಲ, ಫೋನಿಲ್ಲ. ದೊಡ್ಡಮ್ಮನ ಬಳೆ ಮೊಣಕೈಯವರೆಗೆ ಜಾರುವಷ್ಟು ಅವರು ಇಳಿದುಹೋದರು. ಬೇರೆ ಯಾವ ತಾಯಿಯಾದರೂ ಮಗಳ ಮಾತನ್ನು ಸಿಟ್ಟಿನಲ್ಲಿ ಆಡಿದ್ದೆಂದು ಮರೆತಿರುತ್ತಿದ್ದಳು. ಆದರೆ ಶೈಲಾ ಅದನ್ನು ಆಡಿದ್ದು ಯಾರ ಎದುರು!

ಎರಡನೆಯ ದೀಪಾವಳಿ ಹತ್ತಿರ ಬರುತ್ತಿತ್ತು. ಒಂದು ಸಂಜೆ ದೊಡ್ಡಮ್ಮನ ಫೋನು ಬಂತು. ಹಾಲೂ ಒಡೆದಿರಲಿಲ್ಲ, ಸಾರೂ ಉಪ್ಪಾಗಿರಲಿಲ್ಲ.

"ಮಗಾ, ಈ ಬಿಯರನ್ನು ಹೇಗೆ ಮಾಡುದು?"

ನಾನು ಕೂತಲ್ಲಿಂದ ಎದ್ದು ನಿಂತೆ. "ಮಾಡುದು ಎಂತಕ್ಕೆ ದೊಡ್ಡಮ್ಮ? ಸ್ಟೇಷನ್ ಹತ್ತಿರ ಅಂಗಡಿಯಲ್ಲಿ ಸಿಗ್ತದೆ. ನಾನೇ ತಂದುಕೊಡ್ತೇನೆ."

"ಹೊರಗಿನದ್ದಾ? ಅಳಿಯ ಮೊದಲ ಸಲ ಮನೆಗೆ ಬರುವಾಗ ಅಂಗಡಿಯದ್ದು ಕೊಡುದಾ? ನಿನಗೆ ಬಣ್ಣ ಮಾಡ್ಲಿಕ್ಕೆ ಬರ್ತದೆ, ಬಿಯರ್ ಮಾಡ್ಲಿಕ್ಕೆ ಬರುದಿಲ್ವಾ? ಮತ್ತೆ ಆ ಸರ್ಟಿಫಿಕೇಟನ್ನು ಗೋಡೆಯಲ್ಲಿ ಎಂತಕ್ಕೆ ನೇತು ಹಾಕಿದ್ದು ನಾನು?"

ಡಿಗ್ರಿಯ ಮಾತು ಬಂದ ಮೇಲೆ ನಾನು ಹಿಂದೆ ಸರಿಯುವುದುಂಟೇ? ಸೈಬರ್ ಕೆಫೆಯಲ್ಲಿ ಕೂತು ಓದಿದೆ. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಬೇಕು, ಬಿಸಿನೀರಿನಲ್ಲಿ ನೆನೆಸಿ ಸಿಹಿ ರಸ ತೆಗೆಯಬೇಕು, ಕಹಿ ಹಾಕಿ ಕುದಿಸಬೇಕು, ಆರಿದ ಮೇಲೆ ಯೀಸ್ಟ್, ಅಂದರೆ ಹಿಟ್ಟು ಹುಳಿ ಬರಿಸುವಂಥದ್ದು, ಹಾಕಿ ಒಂದೆರಡು ವಾರ ಹುಳಿ ಬರಲು ಬಿಡಬೇಕು. ಇಷ್ಟನ್ನು ಫೋನಿನಲ್ಲಿ ವಿವರಿಸಿದೆ. ದೊಡ್ಡಮ್ಮ ನಕ್ಕರು. "ಇಷ್ಟೆಯಾ? ನಿನಗೆ ರಾಗಿ ಮೊಳಕೆ ಬರಿಸಿ ಮಾಲ್ಟ್ ಮಾಡಿ ಕುಡಿಸಿದ್ದು ಯಾರು, ನಿನ್ನ ಪ್ರೊಫೆಸರಾ?"

ಬಾರ್ಲಿ ಮೊಳಕೆ ಬಂತು. ತಾರಸಿಯ ಬಿಸಿಲಲ್ಲಿ ಒಣಗಿತು. ಕಾಗೆ ಓಡಿಸಲು ದೊಡ್ಡಪ್ಪ ಕೊಡೆ ಹಿಡಿದು ಕೂತರು. ನಾನು ಶನಿವಾರ ಶೈಲಾಗೆ ಫೋನು ಮಾಡಿದೆ. "ನಿನ್ನ ಅಮ್ಮ ನಾಳೆ ಬಿಯರ್ ಮಾಡ್ತಾರೆ. ಪ್ರಶಾಂತನಿಗೆ. ದೀಪಾವಳಿಗೆ ನೀವಿಬ್ಬರೂ ಬರಬೇಕಂತೆ."

"ಅಣ್ಣಾ, ಮಜಾಕ್ ಮತ್ ಕರ್."

"ಮಜಾಕ್ ಅಲ್ಲ ಮಾರಾಯ್ತಿ. ನೀನು ಹೇಳಿದ್ದಲ್ವಾ? ಹಾಗೇ ಮಾಡ್ತಿದ್ದಾರೆ."

ಆ ಕಡೆಯಿಂದ ಫೋನು ಕಟ್ಟಾಯಿತು. ಮತ್ತೆ ಮಾಡಿದೆ, ಎತ್ತಲಿಲ್ಲ. ಅವಳಿಗೆ ಸಿಟ್ಟು ಬಂತೋ, ತಮಾಷೆ ಮಾಡಿದೆ ಎಂದುಕೊಂಡಳೋ! ಇದ್ದ ಒಂದೆಳೆಯನ್ನೂ ನಾನೇ ತುಂಡು ಮಾಡಿದೆನೇನೋ! ದೊಡ್ಡಮ್ಮನಿಗೆ ಇದನ್ನು ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಹೋದೆ. ದೊಡ್ಡಮ್ಮ ಸ್ನಾನ ಮಾಡಿ, ಸೆರಗು ಬಿಗಿದು, ಮದುವೆಮನೆಯ ಅಡುಗೆಗೆ ನಿಂತವರಂತೆ ನಿಂತಿದ್ದರು. ಬಾರ್ಲಿಯ ಡಬ್ಬದ ಮುಚ್ಚಳ ತೆಗೆದು ನೋಡಿದೆ. ಒಳಗೆ ಕಾಳಿಲ್ಲ! ಮೈಗೆ ಹಚ್ಚುವ ಪೌಡರಿನಷ್ಟು ನುಣ್ಣಗಿನ ಹಿಟ್ಟು!

"ದೊಡ್ಡಮ್ಮ, ಇದೇನಿದು? ಕಾಳನ್ನು ಒಂದಿಷ್ಟು ಒಡೆದರೆ ಸಾಕಿತ್ತು."

"ಗಿರಣಿಗೆ ಕೊಟ್ಟು ಹುಡಿ ಮಾಡಿಸಿ ಅಂದದ್ದು ಯಾರು? ಹುಡಿ ಅಂದ್ರೆ ಹುಡಿ. ಎರಡು ಸಲ ಹಾಕಿಸಿದೆ."

ಹೌದು, ನಾನೇ ಹಾಗೆಂದಿದ್ದೆ. ದೊಡ್ಡಮ್ಮನ ಎದುರು ಜಾಗ್ರತೆ ಬೇಕು ಎಂದು ನಿಮಗೆ ಹೇಳಿದೆನಲ್ಲ, ನನಗೆ ಯಾರು ಹೇಳಬೇಕಿತ್ತು? ಹಿಟ್ಟನ್ನು ಬಿಸಿನೀರಿಗೆ ಹಾಕಿದೆವು. "ಕೈಬಿಡದೆ ತಿರುವಿ" ಎಂದಿದ್ದೆ, ಕೈಬಿಡದೆ ತಿರುವಿದರು. ಸ್ವಲ್ಪ ಹೊತ್ತಿಗೆ ಸೌಟು ಪಾತ್ರೆಯ ನಡುವೆ ತಾನಾಗಿ ನೆಟ್ಟಗೆ ನಿಂತಿತು. ನಮ್ಮ ಕಡೆ ರಾಗಿ ಅರೆದು ಬೆಲ್ಲ ಹಾಕಿ ಕಾಯಿಸಿ ತಟ್ಟೆಗೆ ಹೊಯ್ದು ತುಂಡು ಮಾಡುವ ಮಣ್ಣಿ ಇದೆಯಲ್ಲ, ಸಾಕ್ಷಾತ್ ಅದೇ! ದೊಡ್ಡಪ್ಪ ಇಣುಕಿ ನೋಡಿ ಗಂಭೀರವಾಗಿ ಕೇಳಿದರು: "ಏಲಕ್ಕಿ ಹಾಕಿದ್ರಾ?"

ಇನ್ನಷ್ಟು ನೀರು ಹೊಯ್ದು ಸೋಸಲು ಹೊರಟೆವು. ಜರಡಿ ಕಟ್ಟಿತು. ಸೀರೆಯ ಹಳೆಯ ತುಂಡು ಕಟ್ಟಿತು. ಕೊನೆಗೆ ದೊಡ್ಡಪ್ಪನ ಹೊಸ ಪಂಚೆ ಬಂತು. ಅದರಲ್ಲಿ ಗಂಟು ಕಟ್ಟಿ ಒಂದು ತುದಿ ನಾನು, ಒಂದು ತುದಿ ದೊಡ್ಡಪ್ಪ ಹಿಡಿದು ಕಂಬಳಿ ಹಿಂಡಿದ ಹಾಗೆ ಹಿಂಡಿದೆವು. ಕಂದು ಬಣ್ಣದ ಸಿಹಿ ನೀರು ಇಳಿಯಿತು. ನನ್ನ ಅಂಗಿಯ ಮೇಲೂ ಇಳಿಯಿತು, ಗೋಡೆಯಲ್ಲಿದ್ದ ಡಿಗ್ರಿಯ ಗಾಜಿನ ಮೇಲೂ ಒಂದಿಷ್ಟು ಹಾರಿತು.

ಇನ್ನು ಕಹಿ. ಬಿಯರಿಗೆ ಹಾಕುವ ಕಹಿ ಹೂವು ಡೊಂಬಿವಲಿಯಲ್ಲಿ ಎಲ್ಲಿ ಸಿಗಬೇಕು? "ಏನಾದರೂ ಕಹಿ ಇದ್ದರಾಯಿತು" ಎಂದಿದ್ದೆ. ದೊಡ್ಡಮ್ಮ ಊರಿನಿಂದ ತರಿಸಿದ್ದ ಕಿರಾತಕಡ್ಡಿ ತೆಗೆದರು. ಜ್ವರಕ್ಕೆ ಕಷಾಯ ಮಾಡುತ್ತಾರಲ್ಲ, ಅದು. ಅದರ ಒಂದು ಚೂರು ನಾಲಗೆಗೆ ತಾಗಿದರೆ ಜ್ವರ ಹೆದರಿಯೇ ಓಡಬೇಕು. ನಾನು "ಸ್ವಲ್ಪ..." ಎನ್ನುವುದರೊಳಗೆ ಒಂದು ಮುಷ್ಟಿ ಪಾತ್ರೆಗೆ ಬಿದ್ದಿತ್ತು. ಕುದಿ ಬರುತ್ತಿದೆ ಎನ್ನುವಾಗ ಒಲೆ ಸಣ್ಣಗಾಯಿತು, ಹಳದಿಯಾಯಿತು, ಪುಸಕ್ಕೆಂದು ಆರಿತು. ಗ್ಯಾಸ್ ಖಾಲಿ!

ಕೆಳಗಿನ ಕಾಕೂ ಅವರ ಬಳಿ ಹೆಚ್ಚಿನ ಸಿಲಿಂಡರ್ ಇತ್ತು. ಅದನ್ನು ಹೆಗಲಿಗೇರಿಸಿ ನಾನು ಮೂರು ಮಹಡಿ ಹತ್ತಿದೆ. ಸಿಲಿಂಡರಿನ ಹಿಂದೆಯೇ ಕಾಕೂ ಕೂಡ ಬಂದರು. ಗ್ಯಾಸ್ ಕೊಟ್ಟವರಿಗೆ ಏನು ಬೇಯುತ್ತಿದೆ ಎಂದು ನೋಡುವ ಹಕ್ಕಿಲ್ಲವೇ?

"ಕಾಯ್ ಶಿಜತಂಯ್?" ಎಂದರು ಮೂಗರಳಿಸಿ.

"ಕಾಢಾ, ಕಾಕೂ, ಕಾಢಾ" ಎಂದೆ ನಾನು, ಕಷಾಯ ಎಂದು ನಂಬಿಸಲು.

"ಬಿಯರ್" ಎಂದರು ದೊಡ್ಡಮ್ಮ.

ಸಾಯಂಕಾಲದೊಳಗೆ ಇಡೀ ಸೊಸೈಟಿಗೆ ಸುದ್ದಿ! ಕಾಕೂ ಪಾತ್ರೆಗೆ ಬಗ್ಗಿ, ತೇಲುತ್ತಿದ್ದ ಕಡ್ಡಿಗಳನ್ನು ನೋಡಿ, ಗಹಗಹಿಸಿ ನಕ್ಕರು. "ಕಾಹೀತರೀಚ್! ತುಮ್ಹೀ ಪಣ್ ನಾ!" ಜನ್ಮದಲ್ಲಿ ಸುಳ್ಳಾಡದ ದೊಡ್ಡಮ್ಮ ತಮಾಷೆ ಮಾಡಿದರೆಂದೂ ನಾನು ನಿಜ ಹೇಳಿದೆನೆಂದೂ ತೀರ್ಮಾನಿಸಿ, ಮಂಡಿನೋವಿಗೆ ಒಳ್ಳೆಯದೆಂದು ಒಂದು ಲೋಟ ಬಗ್ಗಿಸಿಕೊಂಡು ಹೋದರು.

ಕುದಿದದ್ದಾಯಿತು. ದೊಡ್ಡಪ್ಪ ಒಂದು ಚಮಚ ತೆಗೆದು, ಊದಿ, ನಾಲಗೆಯ ಮೇಲೆ ಹೊರಳಿಸಿ, ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿದರು. "ಬಿಯರ್ ಹೀಗಿರುದಿಲ್ಲ."

ದೊಡ್ಡಮ್ಮ ಒಲೆ ಆರಿಸಿ ತಿರುಗಿದರು.

"ನಿಮಗೆ ಹೇಗೆ ಗೊತ್ತು?" ಎಂದರು ದೊಡ್ಡಮ್ಮ.

ದೊಡ್ಡಪ್ಪ ಚಮಚವನ್ನು ಬಹಳ ನಿಧಾನವಾಗಿ ಕೆಳಗಿಟ್ಟರು. "ಹೋಟೆಲಿನಲ್ಲಿ... ಗಿರಾಕಿಗಳು ಹೇಳ್ತಾ ಇದ್ರು."

"ನಿಮ್ಮದು ಶುದ್ಧ ಸಸ್ಯಾಹಾರಿ ಹೋಟೆಲು. ಅಲ್ಲಿ ಬಿಯರ್ ಇರ್ಲಿಲ್ಲ."

"ಅದಕ್ಕೇ ಹೇಳ್ತಾ ಇದ್ದದ್ದು, ಇಲ್ಲ ಅಂತ" ಎಂದು ದೊಡ್ಡಪ್ಪ ಪಂಚೆ ಒಗೆಯಲು ಬಚ್ಚಲಿಗೆ ಹೋದವರು ಬಹಳ ಹೊತ್ತು ಈಚೆಗೆ ಬರಲಿಲ್ಲ.

ರಸವನ್ನು ಬೇಗ ಆರಿಸಬೇಕೆಂದು ನಾನು ಐಸ್ ತರಲು ಕೆಳಗೆ ಹೋದೆ. ಬೇಕರಿಯಿಂದ ಬೇಡಿ ತಂದ ಯೀಸ್ಟ್ ನನ್ನ ಕಿಸೆಯಲ್ಲಿತ್ತು. ಮರಳಿ ಬಂದಾಗ ದೊಡ್ಡಮ್ಮ ಸೆರಗಿಗೆ ಕೈ ಒರೆಸುತ್ತಿದ್ದರು.

"ಹಾಕಿ ಆಯಿತು" ಎಂದರು.

"ಏನು ಹಾಕಿದ್ರಿ? ಯೀಸ್ಟ್ ನನ್ನ ಹತ್ತಿರ ಉಂಟಲ್ಲ!"

"ಹಿಟ್ಟು ಹುಳಿ ಬರಿಸುವಂಥದ್ದು ಅಂದಿ ನೀನು. ಇಡ್ಲಿ ಹಿಟ್ಟಿತ್ತು, ಎರಡು ಸೌಟು ಹಾಕಿದೆ. ರುಚಿ ನೋಡಿದೆ, ಸಪ್ಪೆ ಇತ್ತು. ಉಪ್ಪೂ ಹಾಕಿದೆ."

ನಾನು ಐಸ್ ಚೀಲ ಹಿಡಿದುಕೊಂಡೇ ಸ್ಟೂಲಿನ ಮೇಲೆ ಕುಸಿದೆ. "ಇದು ಕೆಟ್ಟಿತು ದೊಡ್ಡಮ್ಮ. ಇನ್ನು ಬಿಯರ್ ಆಗುವುದಿಲ್ಲ. ಹೊಸತಾಗಿ ಕಾಳು ನೆನೆಸಿ ಶುರು ಮಾಡಿದರೆ ದೀಪಾವಳಿ ಒಳಗೆ ಮುಗಿಯುವುದಿಲ್ಲ."

ಬೈಯುತ್ತಾರೆಂದುಕೊಂಡೆ. ಡಿಗ್ರಿಯನ್ನು ಗೋಡೆಯಿಂದ ಇಳಿಸುತ್ತಾರೆಂದುಕೊಂಡೆ. ಅವರು ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿಟ್ಟು, ಕಿಟಕಿ ಕಡೆ ನೋಡಿ ಮೆಲ್ಲಗೆ ಹೇಳಿದರು: "ಹಾಗಾದ್ರೆ ಈ ದೀಪಾವಳಿಗೂ ಇಲ್ಲ."

ಆಗ ಬೆಲ್ ಆಯಿತು. ಕಾಕೂ ಲೋಟ ತಂದಿರಬೇಕೆಂದು ನಾನು ಬಾಗಿಲು ತೆಗೆದರೆ, ಮೂರು ಮಹಡಿ ಒಂದೇ ಉಸಿರಿಗೆ ಹತ್ತಿದ ಹಾಗೆ ಏದುಸಿರು ಬಿಡುತ್ತಾ ಶೈಲಾ! ಹಿಂದೆ ಪ್ರಶಾಂತ, ಕೈಯಲ್ಲಿ ಮೋಸಂಬಿಯ ಚೀಲ.

"ಸಚ್ ಮೇ ಬನಾ ರಹೀ ಹೈ?" ಎಂದಳು ಪಿಸುದನಿಯಲ್ಲಿ. ನಿಜವಾಗಿಯೂ ಮಾಡುತ್ತಿದ್ದಾರೆ ಎಂದು ನಾನು ತಲೆಯಾಡಿಸಿದೆ. ಅವಳ ಮುಖ ಹೇಗೆ ಹೇಗೋ ಆಯಿತು.

ದೊಡ್ಡಮ್ಮ ಅಡುಗೆಮನೆಯಿಂದ ಬಂದರು. ಮಗಳನ್ನು ನೋಡಿದರು. ಅವಳ ಒಂದು ಕಾಲು ಹೊಸಿಲಿನ ಮೇಲಿತ್ತು. ದೊಡ್ಡಮ್ಮ ಅಳಿಯನ ಕಡೆ ತಿರುಗಿ, ತಮಗೆ ಬರುವ ಮರಾಠಿಯಲ್ಲಿ ಹೇಳಿದರು: "ಆಜ್ ಝಾಲಾ ನಾಹೀ. ನಂತರ್ ಯಾ." ಇವತ್ತು ಆಗಿಲ್ಲ, ಆಮೇಲೆ ಬನ್ನಿ!

ಅಯ್ಯೋ ದೇವರೇ! ವರ್ಷ ದಾಟಿದ ಮೇಲೆ ಬಾಗಿಲಿಗೆ ಬಂದವರಿಗೆ ಈ ಮಾತೇ? ಆದರೆ ದೊಡ್ಡಮ್ಮನ ಪ್ರಕಾರ ಅದೇ ಸರಿ. ಬಿಯರ್ ಕೊಟ್ಟ ದಿವಸ ಬರುತ್ತೇನೆ ಎಂದಿದ್ದಳು ಮಗಳು. ಬಿಯರ್ ಆಗಿಲ್ಲ. ಮಗಳ ಮಾತನ್ನು ತಾಯಿಯೇ ಮುರಿಯುವುದು ಹೇಗೆ? ಶೈಲಾ ಹೊಸಿಲಿನ ಮೇಲಿದ್ದ ಕಾಲನ್ನು ಹಿಂದಕ್ಕೆಳೆದುಕೊಂಡಳು. ಬಚ್ಚಲಿನಿಂದ ಬಂದ ದೊಡ್ಡಪ್ಪ ಒದ್ದೆ ಪಂಚೆ ಹಿಡಿದು ಕಂಬದಂತೆ ನಿಂತರು.

ಪ್ರಶಾಂತ ಒಬ್ಬನೇ ಗಾಬರಿಯಾಗಲಿಲ್ಲ. ಮೋಸಂಬಿಯ ಚೀಲ ಕೆಳಗಿಟ್ಟ. ಶೂ ಕಳಚಿದ. "ಥಾಂಬತೋ ನಾ ಆಯೀ. ಇಥೇಚ್ ಬಸತೋ" ಎಂದವನೇ, ಆಗುವವರೆಗೆ ಇಲ್ಲೇ ಕಾಯುತ್ತೇನೆಂದು ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತುಬಿಟ್ಟ! ಹೇಳಿದ ಹಾಗೆ ಮಾಡುವವನು ಇನ್ನೊಬ್ಬ ಈ ಲೋಕದಲ್ಲಿದ್ದಾನೆ ಎಂದು ನನಗೆ ಅಂದೇ ಗೊತ್ತಾದದ್ದು.

ಮೇಲಿನ ಮಹಡಿಯವರೊಬ್ಬರು ಅವನನ್ನು ದಾಟಿಕೊಂಡು, ತಿರುಗಿ ತಿರುಗಿ ನೋಡುತ್ತಾ ಹೋದರು. ದೊಡ್ಡಮ್ಮನಿಗೆ ತಡೆಯಲಿಲ್ಲ.

"ಅಳಿಯನನ್ನು ಮೆಟ್ಟಿಲಲ್ಲಿ ಕೂರಿಸ್ತಾರಾ ಯಾರಾದ್ರೂ? ಶೈಲಾ! ಒಳಗೆ ಕರ್ಕೊಂಡು ಬಾ ಅವನನ್ನು. ಅಷ್ಟೂ ಗೊತ್ತಾಗುದಿಲ್ವಾ ನಿನಗೆ?"

ಅಷ್ಟು ಕಾಲದ ನಂತರ ಮಗಳಿಗೆ ಆಡಿದ ಮೊದಲ ಮಾತು. ಅದೂ ಬೈಗುಳ! ಆದರೆ ಆ ಬೈಗುಳ ಕಿವಿಗೆ ಬಿದ್ದಾಗ ಆದ ಸಮಾಧಾನವನ್ನು ಹೇಗೆ ಹೇಳಲಿ? ನನ್ನ ಬಿ.ಎಸ್ಸಿ. ಫಲಿತಾಂಶ ಬಂದ ದಿನ ಮಾತ್ರ ಅಷ್ಟು ಉದ್ದದ ಉಸಿರು ಬಿಟ್ಟಿದ್ದೆ.

ಮುಂದಿನದನ್ನು ನೀವು ನೋಡಬೇಕಿತ್ತು. ದೊಡ್ಡಮ್ಮ ಪಾತ್ರೆಯ ಮೇಲಿನ ತಿಳಿಯನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿ, ಎರಡೂ ಕೈಯಲ್ಲಿ ಹಿಡಿದು ತಂದು ಅಳಿಯನಿಗೆ ಕೊಟ್ಟರು. "ಆಗ್ಲಿಲ್ಲ ಇನ್ನೂ. ಆದಷ್ಟು ಕುಡಿ." ಪ್ರಶಾಂತ ಒಂದು ಗುಟುಕು ಕುಡಿದ. ಬಾರ್ಲಿ, ಕಿರಾತಕಡ್ಡಿ, ಇಡ್ಲಿ ಹಿಟ್ಟು, ಉಪ್ಪು ಎಲ್ಲ ಅವನ ಮುಖದ ಮೇಲೆ ಒಂದೊಂದಾಗಿ ಬಂದು ಹೋದವು. ಕಣ್ಣಲ್ಲಿ ನೀರು ತುಂಬಿತು. ಲೋಟ ಖಾಲಿ ಮಾಡಿ, ಮರಾಠಿಯಲ್ಲಿ, "ಆಯೀ, ಇಂಥ ಬಿಯರನ್ನು ನಾನು ಜನ್ಮದಲ್ಲೇ ಕುಡಿದಿಲ್ಲ" ಎಂದ.

ಅದರಲ್ಲಿ ಸುಳ್ಳೇನಿದೆ? ದೊಡ್ಡಮ್ಮ ಅರಳಿಹೋದರು. ಮತ್ತೆ ತಂದರು. ಅವನು ಲೋಟದ ಮೇಲೆ ಕೈ ಅಡ್ಡ ಹಿಡಿದರೆ, ಪಾಯಸ ಬಡಿಸುವವರಂತೆ ಬೆರಳ ಸಂದಿಯಲ್ಲೇ ಹೊಯ್ದರು. "ಸ್ವಲ್ಪ, ಇಷ್ಟೇ ಇಷ್ಟು, ಬೇಡ ಅನ್ಬಾರ್ದು."

"ಅಮ್ಮಾ, ಬಸ್! ಮರ್ ಜಾಯೇಗಾ ವೋ! ಸತ್ತೇ ಹೋಗ್ತಾನೆ!" ಎಂದು ಶೈಲಾ ಹೊಟ್ಟೆ ಹಿಡಿದು ನಕ್ಕಳು. ನಗುತ್ತಾ ನಗುತ್ತಾ ಅಡುಗೆಮನೆಗೆ ಓಡಿದಳು. ದೊಡ್ಡಮ್ಮ ಹಿಂದೆಯೇ ಹೋದರು. ಒಳಗಿನಿಂದ ಸ್ವಲ್ಪ ಹೊತ್ತು ನಲ್ಲಿಯ ನೀರಿನ ಸದ್ದು ಮಾತ್ರ ಬಂತು. ಆಮೇಲೆ ದೊಡ್ಡಮ್ಮನ ದನಿ: "ಸಾಕು, ಸಾಕು. ಹಸಿವಾಗ್ಲಿಲ್ವಾ ನಿನಗೆ?" ಉಳಿದ ಇಡ್ಲಿ ಹಿಟ್ಟಿನಲ್ಲಿ ದೋಸೆ ಎದ್ದಿತು. ಹಿಂಡಿ ತೆಗೆದಿಟ್ಟಿದ್ದ ಬಾರ್ಲಿಗೆ ಬೆಲ್ಲ, ಏಲಕ್ಕಿ ಬಿದ್ದು ಮಣ್ಣಿಯಾಯಿತು. ಬಿಯರ್ ಮಾಡಲು ಹೊರಟು ಮಣ್ಣಿ ಮಾಡಿದ ವಿಜ್ಞಾನಿ ಎಂದು ಎಲ್ಲರೂ ನನ್ನ ಕಾಲೆಳೆದರು. ಎಳೆಯಲಿ! ಆ ದಿನ ನನಗೆ ಏನೆಂದರೂ ಆಗುತ್ತಿತ್ತು.

ಸಂಜೆ ಇಬ್ಬರೂ ಹೊರಟರು. ದೊಡ್ಡಮ್ಮ ಉಳಿದ ಮಣ್ಣಿಯನ್ನು ಒಂದು ದೊಡ್ಡ ಸ್ಟೀಲ್ ಡಬ್ಬಿಗೆ ತುಂಬಿಸಿ ತಂದರು.

"ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೊಡಮ್ಮ. ಗಾಡಿಯಲ್ಲಿ ಭಾರ ಆಗ್ತದೆ" ಎಂದಳು ಶೈಲಾ.

"ಇದರಲ್ಲೇ ತಕೊಂಡು ಹೋಗು. ಡಬ್ಬಿ ನನಗೆ ವಾಪಸು ಬೇಕು."

"ಸರಿ. ಅಣ್ಣನ ಹತ್ತಿರ ಕಳಿಸ್ತೇನೆ."

"ಅವನ ಹತ್ತಿರ ಬೇಡ. ನೀನೇ ತಾ."

ಶೈಲಾ ಮೆಟ್ಟಿಲಿಳಿಯತೊಡಗಿದಳು. ದೊಡ್ಡಮ್ಮ ಮೆಟ್ಟಿಲ ಕಟಾಂಜನದ ಮೇಲೆ ಬಗ್ಗಿ, ಕೆಳಗಿನ ತಿರುವಿನಲ್ಲಿ ಅವಳ ತಲೆ ಕಾಣುವವರೆಗೆ ಕಾದು, ಮತ್ತೆ ಕೂಗಿ ಹೇಳಿದರು:

"ಎಲ್ಲ ಒಟ್ಟಿಗೆ ತರ್ಬೇಕು ಅಂತ ಇಲ್ಲ, ಶೈಲಾ. ಒಂದು ಸಲ ಬರುವಾಗ ಡಬ್ಬಿ ತಾ. ಮುಚ್ಚಳ ಇನ್ನೊಂದು ಸಲ ಬರುವಾಗ ತಂದ್ರೆ ಆಯಿತು."